ಭಾನುವಾರ ದೇವರಾಯನದುರ್ಗದ ಕಾಡಿಗೆ ಸೈಕಲ್

ಈ ಭಾನುವಾರ ನಾವು ಮೂವರು ಮೌಂಟೇನ್ ಬೈಕ್ ತಗೊಂಡು ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೊರಡ್ತಿದ್ದೇವೆ. ದೂರ ಜಾಸ್ತಿಯಿಲ್ಲ, ಸುಮಾರು 15 ಕಿಲೋಮೀಟರ್. ಆದರೆ ಕಾಡಿನಲ್ಲಿ ಕರಡಿ, ಚಿರತೆ ಇರೋದರಿಂದ ಚೆನ್ನಾಗಿ ಬೆಳಕು ಹರಿದ ಮೇಲೇ ಒಳಗೆ ಹೋಗೋದು. ಟಾರು ಬಿಟ್ಟು ಮಣ್ಣಿನ ದಾರಿ ಹಿಡಿಯೋಕೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಲೇಬೇಕು.

ಕಳೆದ ಸಲ ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಿಸಿದ್ದೆ. ಒಂದು ತಿರುವಿನಲ್ಲಿ ಸಣ್ಣ ಕಲ್ಲುಗಳ ಮೇಲೆ ಹಿಂದಿನ ಚಕ್ರ ಸರ್ರನೆ ಜಾರಿ ಮೊಣಕೈ ತರಚಿ ಹೋಯ್ತು. ಈ ಸಲ ಗಾಳಿ ಸ್ವಲ್ಪ ಕಮ್ಮಿ, ಟೈರು ನೆಲ ಹಿಡಿಯಬೇಕಲ್ವಾ? ಜಾಲಿ ಮುಳ್ಳಿಗೆ ಎರಡು ಟ್ಯೂಬ್ ಎಕ್ಸ್‌ಟ್ರಾ. ನಾಮದ ಚಿಲುಮೆಯಲ್ಲಿ ಬಂಡೆಯೊಳಗಿಂದ ಜಿನುಗುವ ನೀರು ನೋಡ್ತಾ ಸುಮ್ನೆ ಅರ್ಧ ಗಂಟೆ ಕೂರಬೇಕು. ಏರು ಶುರುವಾಗೋದು ಆಮೇಲೆ, ಅಲ್ಲಿಗೆ ಮುಂಚೆಯೇ ಗೇರ್ ಇಳಿಸಿಕೊಳ್ಳಿ.