ಪ್ಯಾನೆಲ್ ಕೊಳ್ಳುವ ಮುಂಚೆ ಒಂದು ಲೆಕ್ಕ

ಸಣ್ಣದೊಂದು ಸೋಲಾರ್ ಸಿಸ್ಟಮ್ ನಾನೇ ಕಟ್ಟಿಕೊಳ್ಳುತ್ತೇನೆ ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ, ಎಷ್ಟು ವಾಟ್ ಪ್ಯಾನೆಲ್ ತಗೋಬೇಕು? ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಆದರೆ ದಿನಕ್ಕೆ ಎಷ್ಟು ಕರೆಂಟ್ ಬೇಕು ಅಂತ ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ.

ನನ್ನ ಪಟ್ಟಿ ಚಿಕ್ಕದು. 9 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬು, ದಿನಕ್ಕೆ 5 ಗಂಟೆ ಉರಿದರೆ 180 ವಾಟ್-ಅವರ್ (ವಾಟನ್ನು ಗಂಟೆಯಿಂದ ಗುಣಿಸಿದರೆ ಬರುವುದು). 28 ವಾಟ್‌ನ ಡಿಸಿ (ಬ್ಯಾಟರಿಯಿಂದ ಬರುವಂಥ ಒಂದೇ ದಿಕ್ಕಿನ ಕರೆಂಟಿನ) ಫ್ಯಾನು 8 ಗಂಟೆ ತಿರುಗಿದರೆ 224. ಇನ್ನು ವೈಫೈ ರೂಟರ್. ಬರೀ 10 ವಾಟ್, ಅದೇನು ಮಹಾ ಅನ್ನಿಸುತ್ತದೆ, ಆದರೆ ಹಗಲೂ ರಾತ್ರಿ ಓಡುತ್ತಲ್ಲ, ಅದಕ್ಕೇ 240 ಆಯಿತು. ನಾಲ್ಕು ಬಲ್ಬಿಗಿಂತ ಜಾಸ್ತಿ! ಒಟ್ಟು ಸುಮಾರು 650.

ಈಗ ಪ್ಯಾನೆಲ್. ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲಿದ್ದರೂ ಪೂರ್ತಿ ವಾಟ್ ಸಿಗುವುದು 4 ಗಂಟೆಯಷ್ಟು ಅಂತ ಹಿಡಿದರೆ ಸೇಫ್. ಬಿಸಿ, ಧೂಳು, ವೈರ್, ಬ್ಯಾಟರಿ ಎಲ್ಲ ಸೇರಿ ಅದರಲ್ಲೂ ಕಾಲು ಭಾಗಕ್ಕಿಂತ ಜಾಸ್ತಿ ತಿಂದುಹಾಕುತ್ತವೆ. ಹಾಗಾಗಿ 300 ವಾಟ್ ಪ್ಯಾನೆಲ್ ಇದ್ದರೆ ನನ್ನ 650 ಆರಾಮಾಗಿ ಬರುತ್ತದೆ, 200 ಸಾಲದು. ಬ್ಯಾಟರಿ ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. 12 ವೋಲ್ಟ್ 150 ಎಎಚ್ (ಆಂಪ್-ಅವರ್, ವೋಲ್ಟಿನಿಂದ ಗುಣಿಸಿದರೆ ವಾಟ್-ಅವರ್) ಬ್ಯಾಟರಿಯಲ್ಲಿ 1800 ವಾಟ್-ಅವರ್ ಇರುತ್ತದೆ, ಬಳಸಲು ಸಿಗುವುದು 900. ಲಿಥಿಯಂ ಐರನ್ ಫಾಸ್ಫೇಟ್ ಆದರೆ 100 ಎಎಚ್ ಸಾಕು, ಅದನ್ನು ಶೇ. 80ರಷ್ಟು ಖಾಲಿ ಮಾಡಿದರೂ ತಕರಾರು ಮಾಡುವುದಿಲ್ಲ.

ಈ ಲೆಕ್ಕವನ್ನೆಲ್ಲ ಹಾಳು ಮಾಡುವುದು ಇನ್ವರ್ಟರ್, ಅಂದರೆ ಬ್ಯಾಟರಿಯ ಡಿಸಿಯನ್ನು ಮನೆಯ ಎಸಿ ಕರೆಂಟಾಗಿ ಬದಲಾಯಿಸುವ ಡಬ್ಬ. ಏನೂ ಹಾಕದೆ ಸುಮ್ನೆ ಆನ್ ಮಾಡಿಟ್ಟರೂ ಅದು 10ರಿಂದ 20 ವಾಟ್ ಎಳೆಯುತ್ತಿರುತ್ತದೆ. 15 ಅಂತ ಹಿಡಿದರೂ ದಿನಕ್ಕೆ 360, ಅಂದರೆ ನನ್ನ ಇಡೀ ಲೋಡಿನ ಅರ್ಧಕ್ಕಿಂತ ಜಾಸ್ತಿ, ಅದೂ ಯಾರ ಉಪಯೋಗಕ್ಕೂ ಇಲ್ಲದೆ. ಅದಕ್ಕೇ ನಾನು 12 ವೋಲ್ಟ್ ಡಿಸಿ ಬಲ್ಬು, ಡಿಸಿ ಫ್ಯಾನನ್ನೇ ಹಾಕಿದೆ. ರೂಟರ್ ಕೂಡ 12 ವೋಲ್ಟಿನದೇ, ಆದರೆ ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್‌ವರೆಗೂ ಏರುವುದರಿಂದ ಮಧ್ಯೆ ಒಂದು ವೋಲ್ಟನ್ನು 12ರಲ್ಲೇ ಹಿಡಿದಿಡುವ ಪುಟ್ಟ ಡಿಸಿ-ಡಿಸಿ ಕನ್ವರ್ಟರ್ ಇಟ್ಟಿದ್ದೇನೆ. ಇನ್ವರ್ಟರ್ ಬೇಕಾದಾಗ ಮಾತ್ರ ಆನ್.

ಪ್ಯಾನೆಲ್ ಮತ್ತು ಬ್ಯಾಟರಿ ಮಧ್ಯೆ ಕೂತು ಚಾರ್ಜನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್‌ನಲ್ಲಿ ಎರಡು ಥರ, ಪಿಡಬ್ಲ್ಯುಎಂ ಮತ್ತು ಎಂಪಿಪಿಟಿ. 100 ವಾಟ್ ಪ್ಯಾನೆಲ್ ಅಂದರೆ ಹೆಚ್ಚುಕಮ್ಮಿ 18 ವೋಲ್ಟ್, 5.5 ಆಂಪ್ಸ್. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕೂರಿಸುತ್ತದೆ, ಆಂಪ್ಸ್ ಮಾತ್ರ ಅಷ್ಟೇ ಇರುತ್ತದೆ, ಹಾಗಾಗಿ ಸಿಗುವುದು 70 ಚಿಲ್ಲರೆ ವಾಟ್. ಎಂಪಿಪಿಟಿ ಆ ಮಿಕ್ಕ ವೋಲ್ಟನ್ನು ಆಂಪ್ಸಾಗಿ ಬದಲಾಯಿಸಿಕೊಡುತ್ತದೆ. ಒಂದೇ ಸಣ್ಣ ಪ್ಯಾನೆಲ್ ಇದ್ದರೆ ಪಿಡಬ್ಲ್ಯುಎಂ ಸಾಕು, ಅದಕ್ಕಿಂತ ದೊಡ್ಡದಾದರೆ ಎಂಪಿಪಿಟಿಯನ್ನೇ ತಗೊಳ್ಳಿ.

ಕೈ ನಡುಗಬೇಕಾದ ಜಾಗ ಬ್ಯಾಟರಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಧೈರ್ಯ ಬರುತ್ತದೆ ಅಲ್ವಾ, ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗೂ ತಾಗಿದರೆ ನೂರಾರು ಆಂಪ್ಸ್ ಹರಿದು ಕಬ್ಬಿಣವೇ ಕೆಂಪಗಾಗುತ್ತದೆ. ಉಂಗುರ, ವಾಚ್ ತೆಗೆದಿಟ್ಟು ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಫ್ಯೂಸ್ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಇರಬೇಕು, ಅದು ಇರುವುದು ವೈರನ್ನು ಕಾಪಾಡಲು, ವೈರಿನ ಆ ಕೊನೆಯಲ್ಲಿಟ್ಟರೆ ಏನೂ ಪ್ರಯೋಜನ ಇಲ್ಲ. ಮನೆಯ ಎಸಿ ಎಂಸಿಬಿಯನ್ನು (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲಿ ಹಾಕಬೇಡಿ. 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಸ್ವಿಚ್ ಆಫ್ ಆಗುವಾಗ ಏಳುವ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಕಿಡಿ ಹಾಗೇ ಉರಿಯುತ್ತಿರುತ್ತದೆ.

ಜೋಡಿಸುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬಿಸಿಲಲ್ಲಿರುವ ಪ್ಯಾನೆಲ್‌ಗೆ ಆಫ್ ಅನ್ನುವುದೇ ಇಲ್ಲ, ಕೆಲಸ ಮಾಡುವಾಗ ಮೇಲೊಂದು ದಪ್ಪ ಬಟ್ಟೆ ಹೊದಿಸಿ.

ಮುಂದೆ ಮಿಕ್ಸಿ, ನೀರಿನ ಪಂಪು ಅಂತೆಲ್ಲ ಆಸೆ ಇದ್ದರೆ 12 ವೋಲ್ಟ್ ಬಿಟ್ಟು 24ರಲ್ಲೇ ಶುರು ಮಾಡಿ. 1000 ವಾಟಿಗೆ 12 ವೋಲ್ಟಿನಲ್ಲಿ 83 ಆಂಪ್ಸ್ ಬೇಕು, ಬೆರಳು ದಪ್ಪದ ಕೇಬಲ್ ಎಳೆಯಬೇಕಾಗುತ್ತದೆ, 24ರಲ್ಲಿ ಅದರ ಅರ್ಧ ಆಂಪ್ಸ್ ಸಾಕು.