ಬೆಳಗಿನ ಪುಟ್ಟ ಮಾತ್ರೆ

ಎದ್ದ ಕೂಡಲೇ, ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ತಿಂಡಿಗೆ ಮುನ್ನ ಒಂದು ಗಂಟೆ ಕಾಯುವುದು ಈಗ ನನಗೆ ರೂಢಿಯಾಗಿದೆ. ನನಗಿರುವುದು ಹಶಿಮೊಟೊ ಕಾಯಿಲೆ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ವಿವರಿಸಿದ ಈ ಕಾಯಿಲೆಯಲ್ಲಿ, ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದು, ಅದನ್ನು ವರ್ಷಗಟ್ಟಲೆ ಸದ್ದಿಲ್ಲದೆ ಸವೆಸುತ್ತದೆ. ಬಿಡದ ಆಯಾಸವನ್ನು ಸೋಮಾರಿತನವೆಂದು ಭಾವಿಸಿ ನನ್ನನ್ನು ನಾನೇ ಹಳಿದುಕೊಳ್ಳುತ್ತಿದ್ದೆನಾದ್ದರಿಂದ, ಈ ದಾಳಿಯನ್ನು ಸೂಚಿಸುವ ಟಿಪಿಒ ಪ್ರತಿಕಾಯಗಳ ಪ್ರಮಾಣ ಹೆಚ್ಚಿದೆಯೆಂಬ ವರದಿ ಕೈಗೆ ಬಂದ ದಿನ (ವಿಚಿತ್ರವೆನಿಸಿದರೂ ನಿಜ) ಮನಸ್ಸು ಹಗುರಾಯಿತು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಥೈರಾಕ್ಸಿನ್ ಮಾತ್ರೆಗೂ 4 ಗಂಟೆಗಳ ಅಂತರವಿರಬೇಕೆಂದು ತಿಳಿಯದೆ, ಎಲ್ಲವನ್ನೂ ತಿಂಗಳುಗಟ್ಟಲೆ ಒಟ್ಟಿಗೇ ನುಂಗುತ್ತಿದ್ದಾಗ, ಥೈರಾಯ್ಡ್ ಹಾರ್ಮೋನು ಸಾಲದಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಇಳಿಯಲೇ ಇಲ್ಲ. ಮಾತ್ರೆಯ ಪ್ರಮಾಣ ಬದಲಾದಾಗ 6ರಿಂದ 8 ವಾರಗಳ ನಂತರ ಮರುಪರೀಕ್ಷೆ ಮಾಡಿಸಬೇಕು. ನನ್ನದು ಬರುವ ಸೋಮವಾರ.