ಅರ್ಧಚಂದ್ರದ ಗುರುತಿನ ರೂಪಾಯಿ

ನನ್ನ ಸಂಗ್ರಹದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪಾಂಡಿಚೇರಿಯ ಫ್ರೆಂಚರು ಟಂಕಿಸಿದ ಒಂದು ಬೆಳ್ಳಿ ರೂಪಾಯಿ. ಅದರ ಮೇಲೆ ಫ್ರೆಂಚ್ ಭಾಷೆಯ ಒಂದು ಅಕ್ಷರವೂ ಇಲ್ಲ. ಇರುವುದು ಮೊಗಲ್ ಬಾದಶಹನ ಹೆಸರು ಹೊತ್ತ ಪರ್ಷಿಯನ್ ಬರಹ, ಟಂಕಸಾಲೆಯ ಹೆಸರಾಗಿ ಆರ್ಕಾಟ್. 1736ರಲ್ಲಿ ಆರ್ಕಾಟಿನ ನವಾಬ ದೋಸ್ತ್ ಅಲಿಯ ಮೂಲಕ ಅನುಮತಿ ಪಡೆದ ಫ್ರೆಂಚ್ ಕಂಪನಿಯು, ಜನರು ಆಗಲೇ ನಂಬಿದ್ದ ನಾಣ್ಯದ ರೂಪವನ್ನೇ ಉಳಿಸಿಕೊಂಡಿತು. ಪರಕೀಯ ಮುದ್ರೆಯ ಬೆಳ್ಳಿಯನ್ನು ನೇಕಾರರಾಗಲಿ ನಾಣ್ಯ ವಿನಿಮಯ ಮಾಡುವ ಸರಾಫರಾಗಲಿ ಬಟ್ಟಾ (ಮೌಲ್ಯದಲ್ಲಿ ಕಡಿತ) ಹಿಡಿಯದೆ ಸ್ವೀಕರಿಸುವುದು ಕಷ್ಟವಾಗಿದ್ದುದರಿಂದ ಅದು ಜಾಣತನದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಪಾಂಡಿಚೇರಿಯದೆಂದು ತಿಳಿಸುವುದು ಪುಟ್ಟ ಅರ್ಧಚಂದ್ರವೊಂದೇ. ಇಂಗ್ಲಿಷರ ಆರ್ಕಾಟ್ ರೂಪಾಯಿಗಳಲ್ಲಿ ಕಮಲದ ಗುರುತು ಕಾಣುತ್ತದೆ.

ಅಚ್ಚು ಬೆಳ್ಳಿಯ ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಬರಹದ ಅಂಚು ಬಹುತೇಕ ನಾಣ್ಯಗಳಲ್ಲಿ ಹೊರಗುಳಿದಿದೆ. ಆದ್ದರಿಂದ ಕೊಳ್ಳುವಾಗ ನಾನು ಮೊದಲು ಭೂತಗನ್ನಡಿಯಲ್ಲಿ ಹುಡುಕುವುದು ಆ ಚಂದ್ರನನ್ನು. ಬಳಿಕ ತೂಕ ನೋಡುತ್ತೇನೆ, ಸುಮಾರು 11.4 ಗ್ರಾಂ ಇರಬೇಕು.

ಆರಂಭದ ದಿನಗಳಲ್ಲಿ ಇಂತಹದೇ ಒಂದು ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೆ. ಎರಡೂವರೆ ಶತಮಾನಗಳ ಬೂದುಗಪ್ಪು ಹೊಳಪು ಕ್ಷಣದಲ್ಲಿ ಹೋಗಿ, ಸಣ್ಣ ಗೀರುಗಳು ಉಳಿದವು. ಅದನ್ನು ಮಾರದೆ ಇಟ್ಟುಕೊಂಡಿದ್ದೇನೆ.

ಈಗ ಹುಡುಕುತ್ತಿರುವುದು ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿದ್ದ ಡೇನರ (ಡೆನ್ಮಾರ್ಕಿನವರ) ರೋಯಾಲಿನ್ ಎಂಬ ಬೆಳ್ಳಿ ನಾಣ್ಯ. 1620ರಲ್ಲಿ ಅಲ್ಲಿ ನೆಲೆಯೂರಿದ ಡೇನರು 1845ರಲ್ಲಿ ಆ ನೆಲೆಯನ್ನು ಬ್ರಿಟಿಷರಿಗೆ ಮಾರಿದರು; ಫ್ರೆಂಚರ ರೂಪಾಯಿಯಂತಲ್ಲದೆ, ಆ ಪುಟ್ಟ ನಾಣ್ಯ ತನ್ನ ದೊರೆಯ ಕಿರೀಟಾಂಕಿತ ಮೊದಲಕ್ಷರವನ್ನು ಬಹಿರಂಗವಾಗಿಯೇ ಹೊತ್ತಿದೆ.